ಪೆಟ್ಟಿಗೆಯ ಒಳಗಿನ ನೀರು

ಮನುಷ್ಯನಿಗೂ ಪೆಟ್ಟಿಗೆಗೂ ಇರುವ ನಂಟು ಬಹು ಹಳೆಯದು. ಒಡವೆಗೊಂದು ಪೆಟ್ಟಿಗೆ, ಲೆಕ್ಕದ ಕಾಗದಗಳಿಗೊಂದು ಪೆಟ್ಟಿಗೆ, ಮದುವೆಯಾಗಿ ಹೋಗುವ ಮಗಳ ಸೀರೆಗಳಿಗೊಂದು ಪೆಟ್ಟಿಗೆ. ಕೊಳ್ಳುವವನು ಬೆರಳ ಗೆಣ್ಣಿನಿಂದ ಅದನ್ನು ಬಡಿದು ನೋಡುತ್ತಾನೆ. ಬೀಗವನ್ನು ಎರಡು ಸಲ ತಿರುಗಿಸಿ ನೋಡುತ್ತಾನೆ. ಅವನ ಅಂಜಿಕೆಯೆಲ್ಲ ಹೊರಗಿನ ಕಳ್ಳನದು, ಮಳೆಯದು, ಇಲಿಯದು. ಒಳಗೆ ಇಟ್ಟ ವಸ್ತುವೇ ಪೆಟ್ಟಿಗೆಯನ್ನು ತಿಂದುಬಿಟ್ಟೀತೆಂಬ ಶಂಕೆ ಅವನ ಮನಸ್ಸಿಗೆ ಬರುವುದಿಲ್ಲ. ಅಂಥ ಶಂಕೆ ಬರಲೇಬೇಕಾದ ಪೆಟ್ಟಿಗೆಯೊಂದುಂಟು. ಅದು ಯಂತ್ರದೋಣಿಯಲ್ಲಿ ಬ್ಯಾಟರಿಯನ್ನು ಇಡುವ ಪೆಟ್ಟಿಗೆ.

ರಾಯಚೂರು ಜಿಲ್ಲೆಯ ದೇವದುರ್ಗ ತಾಲ್ಲೂಕಿನ ಮಸರಕಲ್ಲಿಗೂ ಯಂತ್ರದೋಣಿಗೂ ಏನು ಸಂಬಂಧವೆಂದು ಓದುಗರು ನಗಬಹುದು. ಅದು ಹತ್ತಿ, ತೊಗರಿಗಳ ಸೀಮೆ. ನಾರಾಯಣಪುರದ ಬಲದಂಡೆ ಕಾಲುವೆ ಬಂದ ಮೇಲೆ ತಾಲ್ಲೂಕಿನಲ್ಲಿ ಭತ್ತದ ಗದ್ದೆಗಳೂ ಎದ್ದಿವೆ. ಬೇಸಿಗೆಯಲ್ಲಿ ಬಿಸಿಲು ನಾಲ್ವತ್ತು ಡಿಗ್ರಿಯನ್ನು ದಾಟುವ ಈ ನಾಡಿನಲ್ಲಿ ದೋಣಿಯ ಮಾತು ವಿನೋದದಂತೆಯೇ ಕೇಳಿಸುತ್ತದೆ. ಆದರೆ ತಾಲ್ಲೂಕಿನ ಉತ್ತರದ ಅಂಚಿನಲ್ಲಿ ಹರಿಯುವವಳು ಕೃಷ್ಣೆ. ಕೊಪ್ಪರ, ಗೂಗಲ್ಲುಗಳ ದಂಡೆಯ ಜನರಿಗೆ ಆಕೆ ಎಂಟು ತಿಂಗಳು ಬಂಡೆಗಳ ನಡುವೆ ಸುಳಿದಾಡುವ ಮನೆಮಗಳು. ಮಳೆಗಾಲದಲ್ಲಿ ಮಾತ್ರ ಯಾರ ಮಾತನ್ನೂ ಕೇಳದವಳು. 2009ರ ಅಕ್ಟೋಬರಿನ ನೆರೆಯನ್ನು ಈ ಜಿಲ್ಲೆ ಮರೆತಿಲ್ಲ. 2019ರ ಆಗಸ್ಟಿನಲ್ಲಿ ಹೂವಿನಹೆಡಗಿಯ ಸೇತುವೆ ನೀರಿನಲ್ಲಿ ಮುಳುಗಿತು. ಅದೇ ನೆರೆಯಲ್ಲಿ ಹಿರೇರಾಯನಕುಂಪಿಯ ಬಾಲಕನೊಬ್ಬನು ಮುಳುಗಿದ ದಾರಿಯ ಮೇಲೆ ತಾನು ಮುಂದೆ ಓಡಿ ಆಂಬುಲೆನ್ಸಿಗೆ ಹಾದಿ ತೋರಿಸಿದ ಸಂಗತಿ ನಾಡಿಗೆಲ್ಲ ತಿಳಿದಿದೆ. ಮರುವರ್ಷ, 2020ರ ಆಗಸ್ಟಿನಲ್ಲಿ, ರಾಯಚೂರು ತಾಲ್ಲೂಕಿನ ಹತ್ತಿರ ಕೃಷ್ಣೆಯನ್ನು ದಾಟುತ್ತಿದ್ದ ಹರಿಗೋಲೊಂದು ಮಗುಚಿ ಜೀವಗಳು ಹೋದವು.

ಹರಿಗೋಲಿಗೆ ಬಿದಿರು, ಹೊದಿಕೆ, ಒಂದು ಹುಟ್ಟು ಇದ್ದರೆ ಸಾಕು. ಅದು ಕೆಡುವುದಾದರೆ ಕಣ್ಣಿಗೆ ಕಾಣುವಂತೆಯೇ ಕೆಡುತ್ತದೆ. ಯಂತ್ರದೋಣಿಯ ಬಾಳು ಬೇರೆ. ದೋಣಿಯ ಹಿಂಬದಿಗೆ ತೂಗುಹಾಕಿದ ಚಿಕ್ಕ ಎಂಜಿನ್ನನ್ನು ಹಗ್ಗ ಎಳೆದು ಹೊತ್ತಿಸಬಹುದು. ದೊಡ್ಡದಾದರೆ ಬ್ಯಾಟರಿಯೇ ಅದನ್ನು ಎಬ್ಬಿಸಬೇಕು. ಬ್ಯಾಟರಿ ಎಬ್ಬಿಸದಿದ್ದರೆ ಹೊಳೆಯ ನಡುವೆ ಅದು ಹರಿಗೋಲಿಗಿಂತಲೂ ಅಸಹಾಯವಾದ ವಸ್ತು.

ಮಸರಕಲ್ಲಿನ ರಸ್ತೆಯ ಬದಿಯಲ್ಲಿ ಒಂದು ಬ್ಯಾಟರಿ ಅಂಗಡಿ. ಟ್ರ್ಯಾಕ್ಟರುಗಳ, ಲಾರಿಗಳ, ಜೀಪುಗಳ ಬ್ಯಾಟರಿಗಳು ಅಲ್ಲಿ ಸಾಲಾಗಿ ಕುಳಿತು ಚಾರ್ಜು ಆಗುತ್ತಿರುತ್ತವೆ. ಅಂಗಡಿಯ ಮೇಸ್ತ್ರಿಗೆ ಅರವತ್ತು ದಾಟಿದೆ. ಮೈಮೇಲೆ ಟೆರಿಲಿನ್ ಅಂಗಿ. ಎಂಥ ಬಿಸಿಲಿನಲ್ಲಿಯೂ ಅದೇ. ಹತ್ತಿ ಬೆಳೆಯುವ ನಾಡಿನಲ್ಲಿ ಹತ್ತಿಯ ಅಂಗಿ ತೊಡದ ಈ ಮನುಷ್ಯನನ್ನು ಜನ ಮೊದಮೊದಲು ಷೋಕಿಯವನೆಂದು ತಿಳಿದಿದ್ದರು. ಕಾರಣ ಬೇರೆ. ಬ್ಯಾಟರಿಯ ಆಸಿಡ್ಡಿನ ಹನಿ ಹತ್ತಿಯ ಮೇಲೆ ಬಿದ್ದರೆ ಆಗ ಏನೂ ಕಾಣುವುದಿಲ್ಲ. ಒಗೆದು ಒಣಗಿಸಿದಾಗ ಅಲ್ಲಿ ತೂತು. ಕೃತಕ ನೂಲಿನ ಬಟ್ಟೆ ಅದೇ ಹನಿಯನ್ನು ತಾಳಿಕೊಳ್ಳುತ್ತದೆ. ಯೌವನದಲ್ಲಿ ಹಲವು ಅಂಗಿಗಳನ್ನು ಕಳೆದುಕೊಂಡು ಮೇಸ್ತ್ರಿ ಕಲಿತ ಮೊದಲ ರಸಾಯನಶಾಸ್ತ್ರ ಅದು.

ಒಂದು ವೈಶಾಖದ ಮಧ್ಯಾಹ್ನ ನದಿದಂಡೆಯ ಹಳ್ಳಿಯ ಯುವಕನೊಬ್ಬ ಗೋಣಿಚೀಲದಲ್ಲಿ ಏನನ್ನೋ ಸುತ್ತಿಕೊಂಡು ಆ ಅಂಗಡಿಗೆ ಬಂದ. ಮೀನು ಹಿಡಿಯುವ ಮನೆತನದವನು. ಎರಡು ವರ್ಷದ ಹಿಂದೆ ಸಾಲ ಮಾಡಿ ಹಳೆಯದೊಂದು ಫೈಬರ್ ದೋಣಿಯನ್ನು ಎಂಜಿನ್ ಸಮೇತ ಕೊಂಡಿದ್ದ. ಗೋಣಿಚೀಲವನ್ನು ಬಿಚ್ಚಿದಾಗ ಕಂಡದ್ದು ಕಬ್ಬಿಣದ ತಗಡಿನ ಪೆಟ್ಟಿಗೆ. ಹೊರಗೆ ಹಸಿರು ಬಣ್ಣ ಇನ್ನೂ ಅಲ್ಲಲ್ಲಿ ಹೊಳೆಯುತ್ತಿತ್ತು. ಆದರೆ ತಳ ಇರಲಿಲ್ಲ. ತಳವಿದ್ದ ಕಡೆ ಜರಡಿಯಂಥ ತುಕ್ಕಿನ ಹಾಳೆ ಜೋತಾಡುತ್ತಿತ್ತು.

“ಚಾಚಾ, ಇದಕ್ಕಿಂತ ದಪ್ಪ ತಗಡಿನ್ದು ಒಂದು ಮಾಡಿಸಿಕೊಡ್ರಿ. ಹೊಳೀ ನೀರು ಇದನ್ನ ತಿಂದುಬಿಟ್ಟೈತಿ” ಎಂದ ಯುವಕ.

ಮೇಸ್ತ್ರಿ ಪೆಟ್ಟಿಗೆಯನ್ನು ಬೋರಲು ಹಾಕಿ ನೋಡಿದ; ಮತ್ತೆ ನೆಟ್ಟಗೆ ಮಾಡಿ ಒಳಗೆ ನೋಡಿದ.

“ಹೊಳೀ ನೀರಿಗೆ ಯಾಕ ಬೈತೀಯೋ ತಮ್ಮಾ? ಹೊರಗಿನ ಬಣ್ಣ ಹಂಗ ಐತಿ. ಇದನ್ನ ತಿಂದಿದ್ದು ಪೆಟ್ಟಿಗಿ ಒಳಗಿನ ನೀರು.”

ಹಿಂದಿನ ಮಳೆಗಾಲದ ಕಥೆ ಆಗ ಹೊರಬಿತ್ತು. ಆಚೆಯ ದಂಡೆಯಿಂದ ಆರು ಜನರನ್ನು ಕೂರಿಸಿಕೊಂಡು ಬರುತ್ತಿದ್ದಾಗ ನಡುಹೊಳೆಯಲ್ಲಿ ತೇಲಿಬಂದ ಕಸ ಎಂಜಿನ್ನಿನ ರೆಕ್ಕೆಗೆ ಸುತ್ತಿಕೊಂಡಿತು. ಎಂಜಿನ್ ನಿಲ್ಲಿಸಿ ಕಸ ಬಿಡಿಸಿದ. ತಿರುಗಿ ಹೊತ್ತಿಸಲು ಹೋದರೆ ಒಂದು ಸಣ್ಣ ಟಿಕ್ ಶಬ್ದ, ಅಷ್ಟೇ. ದೀಪ ಹಾಕಿದರೆ ಉರಿಯುತ್ತಿತ್ತು. ದೀಪ ಉರಿಯುವಾಗ ಬ್ಯಾಟರಿ ಸತ್ತಿದೆಯೆಂದು ಹೇಳುವುದು ಹೇಗೆ? ದೋಣಿ ಪ್ರವಾಹದ ಪಾಲಾಗಿ ಅರ್ಧ ಮೈಲಿ ಹೋಯಿತು. ಒಬ್ಬ ಮುದುಕನ ಕೈಯಲ್ಲಿದ್ದ ಬಿದಿರುಗಳು ಒಂದು ಬಂಡೆಯ ಸಂದಿಗೆ ಸಿಕ್ಕದಿದ್ದರೆ ಆ ಆರು ಜನರ ಮನೆಗಳಲ್ಲಿ ಅಂದು ಏನಾಗುತ್ತಿತ್ತೆಂಬುದನ್ನು ಯುವಕ ಹೇಳಲಿಲ್ಲ. ಅವರಲ್ಲಿ ಇಬ್ಬರು ಶಾಲೆಯ ಹುಡುಗಿಯರಿದ್ದರೆಂದು ಮಾತ್ರ ಹೇಳಿ ತಲೆ ತಗ್ಗಿಸಿದ.

ದೀಪ ಉರಿದು ಎಂಜಿನ್ ಏಳದಿರುವುದರಲ್ಲಿ ಮಾಯೆಯೇನೂ ಇಲ್ಲ. ಚಿಕ್ಕ ದೀಪಕ್ಕೆ ಒಂದೆರಡು ಆಂಪಿಯರ್ ವಿದ್ಯುತ್ತು ಸಾಕು. ದೊಡ್ಡ ಎಂಜಿನ್ನನ್ನು ಎಬ್ಬಿಸುವ ಮೋಟಾರಿಗೆ ಆ ಕೆಲವು ಕ್ಷಣಗಳಲ್ಲಿ ನೂರು ಆಂಪಿಯರನ್ನೂ ಮೀರಿ ಬೇಕು. ಬ್ಯಾಟರಿಯ ತುದಿಗೂ ತಂತಿಗೂ ನಡುವೆ ಕಿಲುಬಿನ ತೆಳುವಾದ ಪದರ ಬೆಳೆದು, ಒಂದು ಓಮಿನ ಇಪ್ಪತ್ತನೆಯ ಒಂದು ಪಾಲಿನಷ್ಟು ಅಡ್ಡಿ ಮಾಡಿತೆನ್ನಿ. ದೀಪಕ್ಕೆ ಅದು ಲೆಕ್ಕಕ್ಕೇ ಇಲ್ಲ. ಆದರೆ ನೂರು ಆಂಪಿಯರ್ ಹರಿಯುವಾಗ ಹನ್ನೆರಡು ವೋಲ್ಟಿನಲ್ಲಿ ಐದು ವೋಲ್ಟು ಆ ಕಿಲುಬಿನಲ್ಲಿಯೇ ಕಳೆದುಹೋಗುತ್ತದೆ. ಉಳಿದದ್ದರಿಂದ ಮೋಟಾರು ತಿರುಗದು. ಯುವಕನ ದೋಣಿಯಲ್ಲಿ ಆದದ್ದೂ ಇದೇ. ತಳ ಕಳಚಿದ ಪೆಟ್ಟಿಗೆಯಲ್ಲಿ ಬ್ಯಾಟರಿ ಒಂದು ಕಡೆಗೆ ವಾಲಿ, ಆಸಿಡ್ಡು ತುಳುಕಿ, ತಂತಿಯ ಹಿಡಿಕೆ ಸಡಿಲಾಗಿ, ಅದರ ಸುತ್ತ ಬಿಳಿ-ನೀಲಿ ಬೂದಿಯಂಥ ಕಿಲುಬು ಬೆಳೆದಿತ್ತು.

ಸೀಸದ ಬ್ಯಾಟರಿಯನ್ನು ಫ್ರಾನ್ಸಿನ ಗಾಸ್ಟನ್ ಪ್ಲಾಂಟೆ 1859ರಲ್ಲಿ ಕಂಡುಹಿಡಿದ. ಇಂದಿಗೂ ಅದರ ಹೊಟ್ಟೆಯಲ್ಲಿ ಇರುವುದು ಸೀಸದ ಫಲಕಗಳು ಮತ್ತು ನೀರು ಬೆರೆಸಿದ ಗಂಧಕಾಮ್ಲ. ತುಂಬ ಚಾರ್ಜು ಆದ ಬ್ಯಾಟರಿಯ ದ್ರವದಲ್ಲಿ ತೂಕದಿಂದ ನೂರಕ್ಕೆ ಮೂವತ್ತೈದರ ಮೇಲೆ ಆಮ್ಲವೇ ಇರುತ್ತದೆ. ದೋಣಿ ಓಲಾಡಿದಾಗ ಮುಚ್ಚಳದ ಸಂದಿನಿಂದ ಇದರ ಹನಿಗಳು ಹೊರಬೀಳುತ್ತವೆ. ಮಳೆಯ ಹನಿ ಬಿಸಿಲಿಗೆ ಆರುತ್ತದೆ. ಈ ಹನಿ ಆರುವುದಿಲ್ಲ. ಅದರಲ್ಲಿಯ ನೀರು ಮಾತ್ರ ಆವಿಯಾಗಿ ಹೋಗಿ ಆಮ್ಲ ಇನ್ನಷ್ಟು ತೀಕ್ಷ್ಣವಾಗಿ ಉಳಿಯುತ್ತದೆ. ಪೆಟ್ಟಿಗೆಯ ತಳದ ಮೂಲೆಯಲ್ಲಿ, ಯಾರ ಕಣ್ಣಿಗೂ ಬೀಳದೆ, ಅದು ರಾತ್ರಿಹಗಲು ತನ್ನ ಕೆಲಸ ಮಾಡುತ್ತಿರುತ್ತದೆ.

ಇಷ್ಟನ್ನು ತಿಳಿದ ಮೇಲೆ ಯುವಕನ ಮುಂದಿದ್ದ ಪ್ರಶ್ನೆ ಬದಲಾಯಿತು. ತಗಡು ಎಷ್ಟು ದಪ್ಪವಿರಬೇಕೆಂಬುದು ಈಗ ಪ್ರಶ್ನೆಯಲ್ಲ. ಆಮ್ಲಕ್ಕೆ ಯಾವುದು ರುಚಿಸುವುದಿಲ್ಲವೆಂಬುದು ಪ್ರಶ್ನೆ. ದಪ್ಪ ಕಬ್ಬಿಣವಾದರೆ ತಿನ್ನಲು ಹೆಚ್ಚು ದಿನ ಬೇಕು, ಅಷ್ಟೇ. ಸತುವಿನ ಲೇಪ ಕೊಟ್ಟ ತಗಡು ಮಳೆಗೆ ಬಲ್ಲಿದ. ಆಮ್ಲ ಸತುವನ್ನೂ ಕರಗಿಸುತ್ತದೆ. ಬಣ್ಣ ಬಳಿದರೆ ಗೀರು ಬಿದ್ದ ಕಡೆಯಿಂದ ಒಳಹೊಗುತ್ತದೆ. ಸಾಗುವಾನಿಯ ಮರ ನೀರಿಗೆ ಜಗ್ಗದು, ಆದರೆ ಆಮ್ಲವನ್ನು ಹೀರಿ ಬರಬರುತ್ತ ಕಪ್ಪಾಗಿ ಪುಡಿಯಾಗುತ್ತದೆ. ಆದುದರಿಂದಲೇ ಹಿಂದಿನವರು ಮರದ ಪೆಟ್ಟಿಗೆಯ ಒಳಗೆ ಸೀಸದ ತಗಡನ್ನು ಹೊದಿಸುತ್ತಿದ್ದರು. ಸೀಸದ ಮೇಲೆ ಆಮ್ಲವೇ ಒಂದು ಕರಗದ ಪೊರೆಯನ್ನು ಕಟ್ಟಿ ಮುಂದೆ ತಿನ್ನದಂತಾಗುತ್ತದೆ. ಉಪಾಯ ಚೆನ್ನ, ಆದರೆ ಭಾರ. ಚಿಕ್ಕ ದೋಣಿಗೆ ಆ ಭಾರ ಸಲ್ಲದು.

ಯುವಕನಿಗೆ ಒಂದು ಆಸೆಯಿತ್ತು. “ಸ್ಟೀಲಿನ್ದು ಹಾಕಿಸಿದರ ಹೆಂಗ್ರಿ ಚಾಚಾ? ನಮ್ಮ ದೋಸ್ತ ಒಬ್ಬಾವ ಮಲ್ಪಿಗೆ ದುಡೀಲಾಕ ಹೋಗಿದ್ದ. ಅಲ್ಲಿ ದೋಣಿಯೊಳಗ ಎಲ್ಲಾ ಸ್ಟೀಲ ಪಳಪಳ ಅಂತೈತಂತ.”

ಮಲ್ಪೆಯ ಬಂದರಿನ ಮಾತು ಇಲ್ಲಿ ಅಪ್ರಸ್ತುತವಲ್ಲ. ಅಲ್ಲಿಯದು ಉಪ್ಪುನೀರು, ಲೋಹಕ್ಕೆ ಅದರಂಥ ಹಗೆ ಇನ್ನೊಂದಿಲ್ಲ. ತುಕ್ಕು ಹಿಡಿಯದ ಉಕ್ಕು ಎಂದು ಹೆಸರು ಪಡೆದದ್ದಕ್ಕೂ ಉಪ್ಪಿನ ನೀರು ನಿಂತ ಕಡೆ ಸೂಜಿಮೊನೆಯಂಥ ಗುಳಿಗಳು ಬೀಳುತ್ತವೆ; ಪಾತ್ರೆಯ ಅಂಗಡಿಯಲ್ಲಿ ಸಿಗುವ ಸಾಮಾನ್ಯ ಜಾತಿಯದಾದರೆ ಬೇಗ, 316 ಎಂಬ ಜಾತಿಯದಾದರೆ ತಡವಾಗಿ. ಕೃಷ್ಣೆಯ ಸಿಹಿನೀರಿನಲ್ಲಿ ಆ ಭಯ ಕಡಿಮೆ. ಆದರೆ ಒಳಗಿನ ಬಿಸಿಯಾದ ಆಮ್ಲದ ಭಯ ಎರಡೂ ಕಡೆ ಒಂದೇ. ಅದಕ್ಕಿಂತ ದೊಡ್ಡ ದೋಷ, ಉಕ್ಕಿನಲ್ಲಿ ವಿದ್ಯುತ್ತು ಹರಿಯುತ್ತದೆ. ಓಲಾಟದಲ್ಲಿ ಬ್ಯಾಟರಿಯ ಎರಡು ತುದಿಗಳೂ ಲೋಹದ ಮುಚ್ಚಳಕ್ಕೆ ತಾಗಿದರೆ ಕಿಡಿ ಹಾರುತ್ತದೆ. ಪೆಟ್ರೋಲು ತುಂಬಿದ ದೋಣಿಯಲ್ಲಿ ಕಿಡಿ ಎಂದರೇನೆಂದು ಯಾರಿಗೂ ವಿವರಿಸಬೇಕಾಗಿಲ್ಲ.

ಮೇಸ್ತ್ರಿ ಇದನ್ನೆಲ್ಲ ಉಪನ್ಯಾಸದಂತೆ ಹೇಳಲಿಲ್ಲ. ಚಾರ್ಜಿಗಿಟ್ಟ ಒಂದು ಹಳೆಯ ಬ್ಯಾಟರಿಯ ಮೇಲೆ ಕೈಯಿಟ್ಟು ಕೇಳಿದ:

“ಇದರ ಹೊಟ್ಟಿಯೊಳಗ ಐದು ವರ್ಷದಿಂದ ಆಸಿಡ್ ಐತಿ. ಹೊಟ್ಟಿ ತೂತಾಗೈತೇನು?”

“ಇಲ್ರಿ.”

“ಹಂಗಾರ ಆ ಹೊಟ್ಟಿ ಯಾತರದ್ದು ಐತೋ ಪೆಟ್ಟಿಗೀನೂ ಅದರದ್ದ ತಗೋ.”

ವಿದ್ವಾಂಸರು ಪುಟಗಟ್ಟಲೆ ಬರೆಯುವುದನ್ನು ಮೇಸ್ತ್ರಿ ಒಂದು ಮಾತಿನಲ್ಲಿ ಮುಗಿಸಿದ್ದ. ಹಿಂದೆ ಬ್ಯಾಟರಿಯ ಹೊರಮೈಯನ್ನು ಗಟ್ಟಿ ರಬ್ಬರಿನಿಂದ ಮಾಡುತ್ತಿದ್ದರು. ಈಗ ಪಾಲಿಪ್ರೊಪಿಲೀನ್ ಎಂಬ ಪ್ಲಾಸ್ಟಿಕ್ಕಿನಿಂದ ಮಾಡುತ್ತಾರೆ. ಅದನ್ನೂ ಅದರ ಸಹೋದರನಂಥ ಪಾಲಿಎಥಿಲೀನನ್ನೂ ಬ್ಯಾಟರಿಯ ಆಮ್ಲ ಮುಟ್ಟುವುದಿಲ್ಲ, ಉಪ್ಪುನೀರೂ ಮುಟ್ಟುವುದಿಲ್ಲ. ಅವುಗಳಿಗೆ ಹಗೆ ಬಿಸಿಲು. ಬಣ್ಣವಿಲ್ಲದ ಪ್ಲಾಸ್ಟಿಕ್ಕು ಕೆಲವು ಬೇಸಿಗೆಗಳಲ್ಲಿ ಪೆಡಸಾಗಿ ಬಿರಿಯುತ್ತದೆ. ಮಸಿ ಬೆರೆಸಿದ ಕಪ್ಪು ಪ್ಲಾಸ್ಟಿಕ್ಕು ಬಿಸಿಲನ್ನು ಹೆಚ್ಚು ಕಾಲ ತಾಳುತ್ತದೆ. ಕಪ್ಪು ಬಣ್ಣ ಬಿಸಿಯನ್ನು ಹೀರುತ್ತದೆಂಬ ಆಕ್ಷೇಪ ನಿಜವೇ. ರಾಯಚೂರಿನಂಥ ಕಡೆ ಬಿಸಿಯಲ್ಲಿ ಬ್ಯಾಟರಿಯ ಆಯುಷ್ಯವೂ ಕುಗ್ಗುತ್ತದೆ. ಆದುದರಿಂದ ಪೆಟ್ಟಿಗೆ ಕಪ್ಪಾಗಿರಬೇಕು, ಆದರೆ ಆಸನದ ಹಲಗೆಯ ಕೆಳಗೆ ನೆರಳಿನಲ್ಲಿರಬೇಕು. ಗಾಜುನಾರಿನ, ಎಂದರೆ ಫೈಬರಿನ ಪೆಟ್ಟಿಗೆಯೂ ಒಳ್ಳೆಯದೇ. ಕತ್ತರಿಸಿದ ಅಂಚಿನಲ್ಲಿ ನಾರು ಬಯಲಾಗಿರದಂತೆ ಒಳಮೈಗೆ ರಾಳದ ದಪ್ಪ ಲೇಪವಿರಬೇಕು. ಇಲ್ಲವಾದರೆ ಆಮ್ಲ ಬತ್ತಿಯಲ್ಲಿ ಎಣ್ಣೆ ಏರುವಂತೆ ನಾರಿನ ಗುಂಟ ಏರುತ್ತದೆ.

ಯುವಕ ಅಂಗಡಿಯ ಅಟ್ಟದ ಮೇಲಿದ್ದ ಕರಿಯ ಪ್ಲಾಸ್ಟಿಕ್ ಪೆಟ್ಟಿಗೆಯನ್ನು ಇಳಿಸಿಕೊಂಡು ನೋಡಿದ. ಅವನ ಮುಖ ಸಪ್ಪಗಾಯಿತು. ಹಗುರವಾದದ್ದು, ಒತ್ತಿದರೆ ತುಸು ಬಾಗುವುದು, ಹೊಳಪಿಲ್ಲದ್ದು. ಸಾಲದ ದೋಣಿಗೆ ಇಂಥ ಬಡ ಪೆಟ್ಟಿಗೆಯೆ? ಮೇಲೆ ನೋಡಿದರೆ ಎರಡು ಬದಿಗಳಲ್ಲಿಯೂ ತೂತುಗಳು!

“ಇದಕ್ಕ ಹೊಸದಿದ್ದಾಗಲೇ ತೂತು ಅದಾವಲ್ರಿ!”

ಇದು ನಗುವ ಮಾತಲ್ಲ. ಎಲ್ಲಕ್ಕಿಂತ ಹೆಚ್ಚು ಜನ ತಪ್ಪುವ ಜಾಗ ಇದೇ. ನೀರಿನ ಭಯದಿಂದ ಆ ತೂತುಗಳಿಗೆ ಮೇಣ ಹಚ್ಚಿ ಮುಚ್ಚುವವರಿದ್ದಾರೆ. ಎಂಜಿನ್ ಓಡುವಾಗ ಬ್ಯಾಟರಿ ಚಾರ್ಜು ಆಗುತ್ತದೆ. ಚಾರ್ಜು ತುಂಬುತ್ತ ಬಂದಂತೆ ಒಳಗಿನ ನೀರು ಒಡೆದು ಜಲಜನಕ ಮತ್ತು ಆಮ್ಲಜನಕಗಳಾಗಿ ಮೇಲೇಳುತ್ತದೆ. ಗಾಳಿಯಲ್ಲಿ ನೂರಕ್ಕೆ ನಾಲ್ಕು ಪಾಲು ಜಲಜನಕ ಸೇರಿದರೆ ಸಾಕು, ಒಂದು ಕಿಡಿಗೆ ಹೊತ್ತಿಕೊಳ್ಳುತ್ತದೆ. ಮುಚ್ಚಿದ ಪೆಟ್ಟಿಗೆಯಲ್ಲಾದರೆ ಅದು ಸಿಡಿಯುತ್ತದೆ. ಸಿಡಿದಾಗ ಆಮ್ಲ ಕೂತವರ ಮುಖಕ್ಕೆ ಎರಚುತ್ತದೆ. ಎಲ್ಲ ಅನಿಲಗಳಲ್ಲಿ ಹಗುರವಾದ ಜಲಜನಕಕ್ಕೆ ಮೇಲಕ್ಕೆ ಹೋಗುವುದೊಂದೇ ಗೊತ್ತು. ಆದುದರಿಂದ ಗಾಳಿಕಂಡಿಗಳು ಮುಚ್ಚಳದ ಹತ್ತಿರ, ಅತಿ ಎತ್ತರದಲ್ಲಿಯೇ ಇರಬೇಕು. ಮಳೆಯ ಹನಿ ನೇರ ಒಳಬೀಳದಂತೆ ಮುಚ್ಚಳದ ಅಂಚು ಅವುಗಳ ಮೇಲೆ ಇಳಿದಿರಬೇಕು. ಕೆಳಗಿನ ಭಾಗದಲ್ಲಿ ಮಾತ್ರ ಒಂದು ಮೊಳೆಯ ತೂತೂ ಇರಕೂಡದು. ಚೆಲ್ಲಿದ ಆಮ್ಲ ಅಲ್ಲಿಯೇ ನಿಲ್ಲಬೇಕು, ದೋಣಿಯ ಹೊಟ್ಟೆಗೆ ಇಳಿಯಬಾರದು. ಇಳಿಯಬೇಕಾದದ್ದನ್ನು ತಡೆದು, ಏರಬೇಕಾದದ್ದನ್ನು ಬಿಡುವುದು ಈ ಪೆಟ್ಟಿಗೆಯ ಧರ್ಮ. ಬೀಗ ಹಾಕುವ ಪೆಟ್ಟಿಗೆಗೂ ಇದಕ್ಕೂ ಇರುವ ಭೇದ ಇದೇ.

ನೀರು ಸುರಿಯಬೇಕಾಗಿಲ್ಲದ, ಪೂರ್ತಿ ಮುಚ್ಚಿದ ಬ್ಯಾಟರಿಗಳು ಈಗ ಬಂದಿವೆಯಲ್ಲ ಎಂದು ಕೇಳುವವರುಂಟು. ಅವು ವಾಲಿದರೂ ಚೆಲ್ಲವೆಂಬುದು ದೊಡ್ಡ ಗುಣವೇ ಸರಿ. ಆದರೆ ಮಿತಿಮೀರಿ ಚಾರ್ಜು ಆದರೆ ಅವುಗಳ ಕವಾಟವೂ ತೆರೆದು ಅನಿಲವನ್ನು ಹೊರಬಿಡುತ್ತದೆ. ಆದುದರಿಂದ ಕಂಡಿ ಅವಕ್ಕೂ ಬೇಕು, ಕಟ್ಟು ಅವಕ್ಕೂ ಬೇಕು.

ಕಟ್ಟಿನ ಮಾತು ಕೊನೆಯದು, ಮಹತ್ವದಲ್ಲಿ ಕೊನೆಯದಲ್ಲ. ಟ್ರ್ಯಾಕ್ಟರಿನ ಗಾತ್ರದ ಬ್ಯಾಟರಿ ಇಪ್ಪತ್ತೈದು ಕಿಲೋಗ್ರಾಮಿಗೂ ಹೆಚ್ಚು ತೂಗುತ್ತದೆ. ಅಲೆಗೆ ಎದ್ದು ಬೀಳುವ ದೋಣಿಯಲ್ಲಿ ಅದು ಸಡಿಲಾಗಿದ್ದರೆ ಎಂಥ ಪೆಟ್ಟಿಗೆಯೂ ನಿಲ್ಲದು. ಅಮೆರಿಕದ ಸರಕಾರ ಪೆಟ್ರೋಲು ದೋಣಿಗಳಿಗೆ ಮಾಡಿರುವ ನಿಯಮದಲ್ಲಿ ಒಂದು ಅಳತೆಯಿದೆ: ತೊಂಬತ್ತು ಪೌಂಡು, ಎಂದರೆ ಸುಮಾರು ನಾಲ್ವತ್ತೊಂದು ಕಿಲೋಗ್ರಾಮಿನಷ್ಟು, ಇಲ್ಲವೆ ಬ್ಯಾಟರಿಯ ತೂಕದ ಎರಡರಷ್ಟು, ಇವೆರಡರಲ್ಲಿ ಯಾವುದು ಕಡಿಮೆಯೋ ಆ ಬಲದಿಂದ ಎಳೆದರೂ ಬ್ಯಾಟರಿ ಯಾವ ಕಡೆಗೂ ಒಂದು ಅಂಗುಲಕ್ಕಿಂತ ಹೆಚ್ಚು ಜರುಗಕೂಡದು. ಪೆಟ್ರೋಲಿನ ತೊಟ್ಟಿ, ಸೋಸುವ ಬಟ್ಟಲು, ಕೊಳವೆಯ ಕೀಲುಗಳು ಬ್ಯಾಟರಿಯ ನೇರ ಮೇಲಾಗಲಿ ನೇರ ಕೆಳಗಾಗಲಿ ಇರಕೂಡದೆಂದೂ ಆ ನಿಯಮ ಹೇಳುತ್ತದೆ. ಮೇಸ್ತ್ರಿ ಆ ನಿಯಮವನ್ನು ಓದಿದವನಲ್ಲ. ಅವನ ಪರೀಕ್ಷೆ ಸರಳ: ಕಟ್ಟಿದ ಮೇಲೆ ಎರಡೂ ಕೈಯಿಂದ ಹಿಡಿದು, ಕಾಲು ಊರಿ, ಎತ್ತು ಎಳೆದಂತೆ ಎಳೆಯುವುದು.

ಪೆಟ್ಟಿಗೆಯ ತಳಕ್ಕೆ ತೂತು ಕೊರೆದು ಬೋಲ್ಟು ಹಾಕಬೇಡವೆಂದು ಅವನು ಎಚ್ಚರಿಸಿದ. ದೋಣಿಯ ನೆಲಕ್ಕೆ ನಾಲ್ಕು ಕಡೆ ಮರದ ತುಂಡುಗಳನ್ನು ಬಿಗಿದು, ಅವುಗಳ ನಡುವೆ ಪೆಟ್ಟಿಗೆಯನ್ನು ಕೂರಿಸಿ, ಮೇಲೆ ಪಟ್ಟಿ ಎಳೆದು ಕಟ್ಟಬೇಕು; ಪೆಟ್ಟಿಗೆ ದೋಣಿಯ ತಳದಲ್ಲಿ ನಿಲ್ಲುವ ನೀರಿಗಿಂತ ಎತ್ತರದಲ್ಲಿರಬೇಕು. ಪಟ್ಟಿ ಯಾವುದಿರಬೇಕೆಂದು ಯುವಕ ಕೇಳಿದ. ನೂಲಿನ ಹಗ್ಗ ಮನೆಯಲ್ಲಿಯೇ ಇತ್ತು. ಮೇಸ್ತ್ರಿ ಮಾತಾಡದೆ ಗೂಟಕ್ಕೆ ತೂಗುಹಾಕಿದ್ದ ಹಳೆಯ ಹತ್ತಿಯ ಅಂಗಿಯೊಂದನ್ನು ತೆಗೆದು ಬೆಳಕಿಗೆ ಹಿಡಿದ. ನಕ್ಷತ್ರಗಳ ಆಕಾಶದಂತೆ ಅದರ ತುಂಬ ತೂತುಗಳು. ಯುವಕ ನಕ್ಕುಬಿಟ್ಟ. ನೈಲಾನಿಗೂ ಆಮ್ಲ ಆಗದು. ಪಾಲಿಎಸ್ಟರಿನ ಅಥವಾ ಪಾಲಿಪ್ರೊಪಿಲೀನಿನ ಪಟ್ಟಿಯೇ ಬೇಕು.

ಅವನು ಕರಿಯ ಪೆಟ್ಟಿಗೆಯನ್ನೇ ಕೊಂಡ. ಒಳಗೆ ಬ್ಯಾಟರಿಯ ಸುತ್ತ ಬೆರಳು ಆಡುವಷ್ಟು ಎಡೆ, ತುದಿಗಳ ಮೇಲೆ ಮುಚ್ಚಳಕ್ಕೆ ತಾಗದಷ್ಟು ಎಡೆ ಇದೆಯೇ ಎಂದು ತಾನೇ ಅಳೆದು ನೋಡಿದ. ಹೊರಡುವಾಗ ಮೇಸ್ತ್ರಿ ಕಾಗದದಲ್ಲಿ ಒಂದಿಷ್ಟು ಅಡುಗೆ ಸೋಡಾ ಕಟ್ಟಿಕೊಟ್ಟ. ಅದನ್ನು ನೀರಿನಲ್ಲಿ ಕದಡಿ, ಬ್ಯಾಟರಿಯ ಬಾಯಿಗಳೊಳಗೆ ಹೋಗದಂತೆ, ಕಿಲುಬಿನ ಮೇಲೆ ಹಾಕಿದರೆ ನೊರೆಯೆದ್ದು ಆಮ್ಲ ಶಾಂತವಾಗುತ್ತದೆ. ಆಮೇಲೆ ಒರೆಸಿ, ಒಣಗಿಸಿ, ಹಿಡಿಕೆಯನ್ನು ಬಿಗಿದು, ಮೇಲೆ ವ್ಯಾಸಲೀನು ಸವರಬೇಕು.

“ಅಮಾಸಿಗೊಮ್ಮೆ ಮುಚ್ಚಳ ತೆಗೆದು ನೋಡು ತಮ್ಮಾ. ದೋಣಿ ಸುಮ್ಮನ ನಿಂತಿದ್ದರೂ ನೋಡು. ಬ್ಯಾಟರಿ ಬಳಸಿದರ ಎಷ್ಟು ಸಾಯತೈತೋ, ಕೂಡಿಸಿದರ ಅದಕಿಂತ ಜಲ್ದಿ ಸಾಯತೈತಿ.”

ಈ ಕೊನೆಯ ಮಾತು ಒಬ್ಬ ಮೀನುಗಾರನಿಗೆ ಮಾತ್ರ ಸಲ್ಲುವುದಲ್ಲ. ನೆರೆಗೆಂದು ಇಟ್ಟ ದೋಣಿ ಎಲ್ಲಿಯದೇ ಆಗಲಿ, ಹನ್ನೊಂದು ತಿಂಗಳು ಚಪ್ಪರದ ಕೆಳಗೆ ಮಲಗಿರುತ್ತದೆ. ಬ್ಯಾಟರಿ ತನ್ನಷ್ಟಕ್ಕೆ ಸೊರಗುತ್ತದೆ. ಸೊರಗಿದ ಫಲಕಗಳ ಮೇಲೆ ಸೀಸದ ಉಪ್ಪು ಗಟ್ಟಿಗೊಂಡು ಮತ್ತೆ ಚಾರ್ಜನ್ನು ಹಿಡಿಯದಂತಾಗುತ್ತದೆ. ಹನ್ನೆರಡನೆಯ ತಿಂಗಳಲ್ಲಿ ಒಂದು ರಾತ್ರಿ ಕೂಗು ಕೇಳುತ್ತದೆ. ಆಗ ಮುಚ್ಚಳ ತೆಗೆದು ನೋಡುವುದಕ್ಕೆ ವೇಳೆಯಿರುವುದಿಲ್ಲ.

ಆ ವರ್ಷ ಆಷಾಢದಲ್ಲಿ ಹೊಳೆ ಬಂತು. ಯುವಕನ ದೋಣಿ ಮೊದಲಿನಂತೆಯೇ ಎರಡು ದಂಡೆಗಳ ನಡುವೆ ಓಡಾಡಿತು. ಶಾಲೆಯ ಹುಡುಗಿಯರು ಹಿಂದಿನ ಹಲಗೆಯ ಮೇಲೆಯೇ ಕುಳಿತು ಕಾಲು ಆಡಿಸುತ್ತಿದ್ದರು. ತಮ್ಮ ಕೆಳಗೆ ಏನಿದೆಯೆಂದು ಅವರು ಕೇಳಲಿಲ್ಲ. ಕೇಳಬೇಕಾದ ಕಾರಣವೂ ಅವರಿಗೆ ಒದಗಲಿಲ್ಲ.

ತಳವಿಲ್ಲದ ಹಸಿರು ಪೆಟ್ಟಿಗೆ ಮಾತ್ರ ಮಸರಕಲ್ಲಿನ ಅಂಗಡಿಯ ಮುಂದೆ ಇನ್ನೂ ಬಿದ್ದಿದೆ. ಗುಜರಿಯವನು ಎರಡು ಸಲ ಕೇಳಿದ, ಮೇಸ್ತ್ರಿ ಕೊಡಲಿಲ್ಲ. ದಪ್ಪ ತಗಡಿನ ಪೆಟ್ಟಿಗೆ ಬೇಕೆಂದು ಯಾರಾದರೂ ಬಂದರೆ, ಅವನು ಬಾಯಿ ಬಿಡುವ ಮೊದಲು ಅದನ್ನು ಕಾಲಿನಿಂದ ಬೋರಲು ಹಾಕುತ್ತಾನೆ.